ಬೈಬಲ್, ಕುರ್‌ಆನ್‌ಗಳ ಶೈಲಿಯನ್ನು ಅನುವಾದದಲ್ಲಿ ಓದಿ ಹೋಲಿಸಬಹುದೇ?

ಪರ: ಕಥೆಯ ನಡಿಗೆ ಕನ್ನಡಕ್ಕೂ ಬರುತ್ತದೆ
(ಡೊಂಬಿವಲಿಯ ನಿವೃತ್ತ ಕನ್ನಡ ಶಿಕ್ಷಕ)

ಹೋಲಿಸಬಹುದು, ಹೋಲಿಸಲೇಬೇಕು. ಮುಂಬಯಿಯ ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಯಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿದವನು ನಾನು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಬರುತ್ತಿದ್ದ ಹುಡುಗರು. ಒಂದು ರಾತ್ರಿ, ಗೊತ್ತಿರುವ ಕಥೆ ಹೇಳಿ ಎಂದೆ. ಶಿರ್ವದ ಕಡೆಯ ಕ್ರೈಸ್ತ ಹುಡುಗ ಯೋಸೇಫನ ಕಥೆ ತೆಗೆದ. ಅಣ್ಣಂದಿರು ದೋತಾನಿನಲ್ಲಿ ಕುರಿ ಮೇಯಿಸುತ್ತಿದ್ದದ್ದು, ತಮ್ಮನನ್ನು 20 ಬೆಳ್ಳಿ ನಾಣ್ಯಕ್ಕೆ ಮಾರಿದ್ದು, ಅವನ ಅಂಗಿಯನ್ನು ಹೋತದ ರಕ್ತದಲ್ಲಿ ಅದ್ದಿದ್ದು: ಊರು, ಬೆಲೆ, ಹೆಸರು ಒಂದನ್ನೂ ಬಿಡಲಿಲ್ಲ. ಹಿಂದಿನ ಬೆಂಚಿನ ಬ್ಯಾರಿ ಹುಡುಗ ಎದ್ದು, "ಮಾಸ್ಟ್ರೇ, ಇದು ನಮ್ಮ ಯೂಸುಫರ ಕಥೆ. ಆದ್ರೆ ನಾವು ಹೀಗೆ ಹೇಳುದಿಲ್ಲ" ಎಂದ. ಅವನು ಹೇಳಿದ್ದರಲ್ಲಿ ಅಣ್ಣಂದಿರ ಹೆಸರಿಲ್ಲ, ಬೆಲೆ ಕೆಲವೇ ದಿರ್ಹಂ. ಅಂಗಿ ಮಾತ್ರ ಮೂರು ಸಲ ಬಂತು. ಮೊದಲು ಸುಳ್ಳು ರಕ್ತ ಮೆತ್ತಿಕೊಂಡು, ಆಮೇಲೆ ಬೆನ್ನ ಕಡೆ ಹರಿದು, ಕೊನೆಗೆ ಕುರುಡಾದ ತಂದೆಯ ಮುಖದ ಮೇಲೆ ಬಿದ್ದು ದೃಷ್ಟಿ ಮರಳಿಸಿತು. ಗಂಟೆ ಹನ್ನೊಂದೂವರೆಯಾದರೂ ಯಾರೂ ಬೆಂಚು ಬಿಟ್ಟು ಏಳಲಿಲ್ಲ.

ಆ ವಾರವೇ ಎರಡೂ ಗ್ರಂಥಗಳ ಕನ್ನಡ ಅನುವಾದ ತಂದು ಪಕ್ಕಪಕ್ಕ ಇಟ್ಟುಕೊಂಡೆ. ಬೈಬಲಿನಲ್ಲಿ ಆದಿಕಾಂಡದ 37ರಿಂದ 50ನೆಯ ಅಧ್ಯಾಯದವರೆಗೆ ಹರಡಿದ ಕಥೆ, ನಡುವೆ 38ನೆಯದು ಯೆಹೂದನ ಬೇರೆಯೇ ಕಥೆ. ಕುರ್‌ಆನಿನಲ್ಲಿ 12ನೆಯ ಅಧ್ಯಾಯ, 111 ವಚನ. ಸೆರೆಮನೆಯ ಪ್ರಸಂಗ ನೋಡಿ. ಆದಿಕಾಂಡದಲ್ಲಿ ಯೋಸೇಫನನ್ನು ಅವಸರದಿಂದ ಹೊರಗೆ ಕರೆತರುತ್ತಾರೆ. ಅವನು ಕ್ಷೌರ ಮಾಡಿಕೊಂಡು, ಬಟ್ಟೆ ಬದಲಾಯಿಸಿ ರಾಜನೆದುರು ಬರುತ್ತಾನೆ. ಕುರ್‌ಆನಿನಲ್ಲಿ ಬಿಡುಗಡೆಯಾಗಿದ್ದ ಕೈದಿ ನನ್ನನ್ನು ಕಳಿಸಿ ಎನ್ನುತ್ತಾನೆ. ಮರು ವಚನದಲ್ಲೇ ಯೂಸುಫರನ್ನು ಹೆಸರು ಹಿಡಿದು ಕರೆಯುತ್ತಿದ್ದಾನೆ! ಹೊರಟದ್ದು, ದಾರಿ, ಬಾಗಿಲು ತೆರೆದದ್ದು ಏನೂ ಇಲ್ಲ. ರಂಗಸ್ಥಳದಲ್ಲಿ ವೇಷ ಒಂದು ಸುತ್ತು ಬಂದರೆ ಊರೇ ಬದಲಾಗುವುದನ್ನು ಕಂಡು ಬೆಳೆದ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟು ತಿಳಿಯಲು ನನಗೆ ಹೀಬ್ರೂ ಬೇಕಾಗಲಿಲ್ಲ, ಅರಬಿಯೂ ಬೇಕಾಗಲಿಲ್ಲ. ಮೂಲ ಬಲ್ಲವರಷ್ಟೇ ಬಾಯಿ ತೆರೆಯಬೇಕು ಎಂದರೆ ಲೋಕದ ಮುಕ್ಕಾಲು ಸಾಹಿತ್ಯಕ್ಕೆ ಬೀಗ ಹಾಕಿಟ್ಟು ಕೂರಬೇಕಾದೀತು. ನಾದ ಹೋಯಿತು ಎಂದು ಕೊರಗುವವರಿಗೆ ನಾನು ಆ ಇಬ್ಬರು ಹುಡುಗರ ಕಥೆ ಹೇಳುತ್ತೇನೆ, ಅಷ್ಟೆ.

ವಿರೋಧ: ಕಿವಿಗೂ ಬೀಳಬೇಕು
(ಮಾಹಿಮ್‌ನ ಬ್ಯಾಂಕ್ ಉದ್ಯೋಗಿ)

ಈ ಪಕ್ಷವನ್ನು ನಾನಾಗಿ ಆರಿಸಿಕೊಂಡದ್ದಲ್ಲ, ಕೇಳಿದ್ದರಿಂದ ಬರೆಯುತ್ತಿದ್ದೇನೆ. ಯೋಸೇಫನ ಕಥೆಯನ್ನು ಎರಡೂ ಕಡೆ ಕನ್ನಡದಲ್ಲೇ ಓದಿ ಖುಷಿಪಟ್ಟವಳು ನಾನು. ಆದರೂ ಅದಕ್ಕೆ ಶೈಲಿಯ ಹೋಲಿಕೆ ಎಂಬ ದೊಡ್ಡ ಹೆಸರು ಕೊಡಲು ಹಿಂಜರಿಕೆ.

ಬೈಬಲಿನ 119ನೆಯ ಕೀರ್ತನೆಯಲ್ಲಿ 176 ವಚನಗಳು. ಹೀಬ್ರೂವಿನ 22 ಅಕ್ಷರಗಳಿಗೆ ಎಂಟೆಂಟರಂತೆ, ಆ ಎಂಟೂ ಅದೇ ಅಕ್ಷರದಿಂದ ಶುರು. ಕನ್ನಡದಲ್ಲಿ ಉಳಿದಿರುವುದು ಅದರ ಉದ್ದ ಮಾತ್ರ. ಕುರ್‌ಆನಿನ 112ನೆಯ ಅಧ್ಯಾಯದ ನಾಲ್ಕು ವಚನಗಳು ಅಹದ್, ಸಮದ್, ಯೂಲದ್, ಅಹದ್ ಎಂದು ಮುಗಿಯುತ್ತವೆ. ಕನ್ನಡದಲ್ಲಿ ಆ ಪ್ರಾಸವಿಲ್ಲ. ಕುಮಾರವ್ಯಾಸನನ್ನು ಗದ್ಯಾನುವಾದದಲ್ಲಿ ಓದಿ ಅವನ ಶೈಲಿಯ ಬಗ್ಗೆ ಯಾರಾದರೂ ತೀರ್ಪು ಕೊಟ್ಟರೆ ನಾವು ಸುಮ್ಮನಿರುತ್ತೇವೆಯೇ? ಬೈಬಲ್ ಅಂತೂ ಒಂದೇ ಪುಸ್ತಕವಲ್ಲ, ಪ್ರಾಟೆಸ್ಟೆಂಟರಿಗೆ 66, ಕ್ಯಾಥೊಲಿಕರಿಗೆ 73. ಒಂದು ಕಥೆ ಎತ್ತಿಕೊಂಡು ಎರಡು ಗ್ರಂಥಗಳಿಗೆ ಅಂಕ ಹಾಕುವುದು ನನಗೆ ಹಿಡಿಸದು.

ನಮ್ಮ ಮಾಹಿಮ್‌ನಲ್ಲೇ ಬಾಳಿ 1431ರಲ್ಲಿ ತೀರಿಕೊಂಡ ಮಖ್ದೂಮ್ ಅಲಿ ಮಾಹಿಮಿ ಕುರ್‌ಆನಿಗೆ ಅರಬಿಯಲ್ಲೇ ವ್ಯಾಖ್ಯಾನ ಬರೆದವರು. ಅವರ ದರ್ಗಾದಿಂದ ಸ್ವಲ್ಪ ದೂರದ ಚಾಳಿನಲ್ಲಿ ನಮ್ಮ ಮನೆ. ಕಳೆದ ಮಳೆಗಾಲದ ಸಂಜೆ ಕರೆಂಟು ಹೋಗಿ ಟಿವಿ, ಮಿಕ್ಸರ್ ಎಲ್ಲ ನಿಂತವು. ಪಕ್ಕದ ಮನೆಯ ಖಾಲಾ ಅರ್ರಹ್ಮಾನ್ ಅಧ್ಯಾಯ ಓದುತ್ತಿದ್ದರು. 78 ವಚನಗಳಲ್ಲಿ 31 ಸಲ ಒಂದೇ ಪಲ್ಲವಿ. ನನಗೆ ಅರ್ಥ ತಿಳಿಯದು. ಆದರೆ ಪಲ್ಲವಿ ಬಂದಾಗಲೆಲ್ಲ ಅವರ ದನಿ ತಗ್ಗಿ, ಒಂದು ಉಸಿರು ನಿಂತು, ಮತ್ತೆ ಏಳುತ್ತಿತ್ತು. ಕೈಯಲ್ಲಿದ್ದ ಮೇಣದಬತ್ತಿ ಹಚ್ಚುವುದನ್ನೂ ಮರೆತು ಗೋಡೆಗೆ ಒರಗಿ ನಿಂತೆ.

ಅದೇ ಬಗೆಯ ಪಲ್ಲವಿ 136ನೆಯ ಕೀರ್ತನೆಯಲ್ಲೂ ಇದೆ, 26 ವಚನಕ್ಕೂ ಒಂದೊಂದು. ಹಿಂದೆ ಓದುವಾಗ ಎರಡು ಸಲವಾದ ಮೇಲೆ ಕಣ್ಣು ಅದನ್ನು ದಾಟಿ ಮುಂದೆ ಹೋಗಿತ್ತು. ಅಂದು ರಾತ್ರಿ ಅದನ್ನು ತೆಗೆದು, ದನಿ ಎತ್ತಿ, ಒಂದು ಸಲವೂ ಬಿಡದೆ ಓದಿದೆ.