ಆಗದೇ ಹೋದದ್ದಕ್ಕೂ ರೇಟು ಐತಿ!

ದೇಶದ ಇಂಗಾಲ-ಸಾಮರ್ಥ್ಯ ಕಟ್ಟುವ ಕೆಲಸ, ಅಂದರೆ ಕಾರ್ಬನ್ ಕ್ರೆಡಿಟ್ ವ್ಯಾಪಾರ ಕಲಿಸುವ ಕಾರ್ಯಾಗಾರ, ಕಡೆಗೂ ಹುಬ್ಬಳ್ಳಿ ಮುಟ್ಟಿತು. ಗೋಕುಲ ರೋಡಿನ ಒಂದು ಹೋಟೆಲು, ಶಾಲು ಹೊದೆಯುವಷ್ಟು ಏಸಿ, ವೇದಿಕೆಯ ಹಿಂದೆ ಹಸಿರು ಫ್ಲೆಕ್ಸು, ಬೆಂಗಳೂರಿನಿಂದ ಮುಂಜಾನೆಯ ವಿಮಾನಕ್ಕೆ ಬಂದು ಸಂಜೆಯ ವಿಮಾನಕ್ಕೆ ಮರಳುವ ಕನ್ಸಲ್ಟಂಟರು. ಇಷ್ಟು ಹೇಳಿದರೆ ಉಳಿದದ್ದು ನಿಮಗೇ ಗೊತ್ತು. ಇಂಥ ಕಾರ್ಯಾಗಾರಕ್ಕೆ ನೀವೂ ಎಂದೋ ಊಟಕ್ಕೆ ಹೋಗಿರುತ್ತೀರಿ. ಸಭೆಯಲ್ಲಿ ನಾಲ್ಕಾರು ಇಲಾಖೆಗಳ ಅಧಿಕಾರಿಗಳು, ಎನ್‌ಜಿಒ ಮಂದಿ, ಮತ್ತು ಹಾವೇರಿ-ಗದಗ ಕಡೆಯಿಂದ ಜೀಪಿನಲ್ಲಿ ತುಂಬಿ ತಂದ ಒಂದಿಷ್ಟು ರೈತರು. ರೈತರಿಲ್ಲದಿದ್ದರೆ ರಿಪೋರ್ಟಿಗೆ ಫೋಟೋ ಕೂಡುವುದಿಲ್ಲ.

ಪಾಠ ಶುರುವಾಯಿತು. ಈ ಪೇಟೆಯಲ್ಲಿ ಮಾರುವ ಸರಕು ಆಗದೇ ಹೋದ ಹೊಗೆ. ದೂರದ ಕಂಪನಿಯೊಂದು ತನ್ನ ಹೊಗೆ ತಗ್ಗಿಸುವ ಉಸಾಬರಿಗೆ ಹೋಗದೆ, ಇಲ್ಲಿ ನೀವು ಬಿಡದೇ ಉಳಿಸಿದ ಹೊಗೆಯನ್ನು ಕೊಂಡು ತನ್ನ ಖಾತೆಗೆ ಜಮಾ ಮಾಡಿಕೊಳ್ಳುತ್ತದೆ. ಟನ್ನಿಗೊಂದು ಕ್ರೆಡಿಟ್. ಹೊಗೆ ತಗ್ಗಿಸಲೆಂದು ದೇಶಗಳು ಮಾಡಿಕೊಂಡ 1997ರ ಕ್ಯೋಟೊ ಒಪ್ಪಂದ ಈ ಅಂಗಡಿಗೆ ಪೂಜೆ ಮಾಡಿತು. ಒಪ್ಪಂದ ಜಾರಿಯಾದದ್ದು 2005ರಲ್ಲಿ. ಆದರೆ ಯೋಜನೆಗಳಿಗೆ ಮುದ್ರೆ ಒತ್ತುವ ರಾಷ್ಟ್ರೀಯ ಪ್ರಾಧಿಕಾರ ದಿಲ್ಲಿಯಲ್ಲಿ 2003ರಲ್ಲೇ ಸಿದ್ಧ. ಮುದ್ರೆಯ ವಿಷಯದಲ್ಲಿ ನಮಗೆ ಎಂದೂ ಸಾಮರ್ಥ್ಯದ ಕೊರತೆ ಬಿದ್ದದ್ದಿಲ್ಲ.

2008ರಲ್ಲಿ 20 ಯೂರೊ ದಾಟಿದ್ದ ಕ್ರೆಡಿಟ್, 2012 ಮುಗಿಯುವ ಹೊತ್ತಿಗೆ 1 ಯೂರೊಕ್ಕೂ ಕೆಳಗಿಳಿಯಿತು. 2024ರ ಮಾರ್ಚಿನಲ್ಲಿ ಬ್ಯಾಡಗಿ ಮೆಣಸಿನಕಾಯಿ ರೇಟು ಬಿದ್ದಾಗ ಎಪಿಎಂಸಿ ಕಚೇರಿಗೇ ಬೆಂಕಿ ಬಿತ್ತು. ಇಂಗಾಲದ ರೇಟು ಬಿದ್ದಾಗ ಯಾರೂ ಬೀದಿಗಿಳಿಯಲಿಲ್ಲ, ಯಾಕೆಂದರೆ ಬೆಳೆದವರು ಯಾರೂ ಇರಲಿಲ್ಲ. ಈಗ 2023ರ ಜೂನಿನಲ್ಲಿ ಕೇಂದ್ರ ಸರಕಾರ ನಮ್ಮದೇ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಸ್ಕೀಮು ಹೊರಡಿಸಿದೆ. ಅಂದಮೇಲೆ ಸಾಮರ್ಥ್ಯವನ್ನೂ ಮೊದಲಿನಿಂದ ಕಟ್ಟಬೇಕಲ್ಲ.

ಎಲ್ಲ ಶಾಸ್ತ್ರಕ್ಕೂ ಒಂದು ಮೂಲಮಂತ್ರ ಇರುತ್ತದೆ. ಈ ಶಾಸ್ತ್ರದ್ದು ಅಡಿಷನಾಲಿಟಿ. ಈ ದುಡ್ಡು ಬರದಿದ್ದರೆ ಈ ಒಳ್ಳೆಯ ಕೆಲಸವನ್ನು ನೀವು ಮಾಡುತ್ತಲೇ ಇರಲಿಲ್ಲ ಎಂದು ರುಜುವಾತು ಮಾಡಬೇಕು. ಸುಮ್ಮನೆ ಒಳ್ಳೆಯವರಾಗಿದ್ದರೆ ನಯಾಪೈಸೆ ಇಲ್ಲ. ಬ್ಯಾಡಗಿ ಕಡೆಯ ಒಬ್ಬ ರೈತ ಎದ್ದು ನಿಂತ.

"ಸಾಹೇಬ್ರ, ನಮ್ಮಪ್ಪ ಬದುವಿಗೆ ಬೇವು, ಹುಣಸಿ ಹಚ್ಚ್ಯಾನ್ರಿ. ಒಂದೂ ಕಡದಿಲ್ಲ. ನಮಗೇನರ ಬರತೈತೇನ್ರಿ?"

"ಕಡೀಬೇಕು ಅಂತ ಪ್ಲಾನ್ ಇತ್ತಾ?"

"ಛೇ ಛೇ, ಇಲ್ರಿ."

"ಯಾರಾದ್ರೂ ಕಡೀತೀನಿ ಅಂತ ಬೆದರಿಕೆ ಹಾಕಿದ್ರಾ?"

"ನಮ್ಮ ಹೊಲದಾಗ ಬಂದು ಯಾರ ಕಡೀತಾರ್ರಿ?"

"ಹಾಗಾದ್ರೆ ನಿಮ್ಮದು ಎಲಿಜಿಬಲ್ ಅಲ್ಲ."

ರೈತ ಕೂತ. ಮಗ್ಗಲಿನವ, ಎಲ್ಲ ಮರ ಕಡಿದು ಹೊಲ ಬಯಲು ಮಾಡಿಟ್ಟವ, ಮೀಸೆಯ ಮರೆಯಲ್ಲಿ ನಕ್ಕ. ಅವನಿಗೆ ಹೊಸದಾಗಿ ಸಸಿ ನೆಡುವ ಯೋಜನೆಯಲ್ಲಿ ಉಜ್ವಲ ಭವಿಷ್ಯವಿದೆಯೆಂದು ಮುಂದಿನ ಸ್ಲೈಡಿನಲ್ಲೇ ಗೊತ್ತಾಯಿತು. ಒಂದೇ ಷರತ್ತು: ಪರ್ಮನೆನ್ಸ್. ಮರ ವರ್ಷಾನುಗಟ್ಟಲೆ ನಿಂತಿರಬೇಕು, ಉಳಿಸಿದ್ದು ಉಳಿದೇ ಇರಬೇಕು.

ಇದನ್ನು ಹಳ್ಳಿಯವರ ತಕರಾರು ಎಂದು ತಳ್ಳಿಹಾಕಬೇಡಿ. ದೊಡ್ಡವರು ಈ ಮಂತ್ರವನ್ನು ನಮಗಿಂತ ಮೊದಲೇ ಸಿದ್ಧಿ ಮಾಡಿಕೊಂಡರು. ಫ್ರಿಜ್ಜಿನೊಳಗಿನ ಅನಿಲ ಮಾಡುವ ಕಾರ್ಖಾನೆಗಳಲ್ಲಿ ಎಚ್‌ಎಫ್‌ಸಿ-23 ಎಂಬ ಉಪಉತ್ಪನ್ನ ಬರುತ್ತದೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದರ ಒಂದು ಟನ್ನು ಇಂಗಾಲದ ಡೈಆಕ್ಸೈಡಿನ 11,700 ಟನ್ನಿಗೆ ಸಮ ಎಂದು ಲೆಕ್ಕ ಹಿಡಿದರು. ಸುಡಲು ಖರ್ಚು ಅಲ್ಪ, ಸುಟ್ಟರೆ ಸಿಗುವ ಕ್ರೆಡಿಟ್ಟು ರಾಶಿ. ಚೀನಾ, ಭಾರತದ ಕೆಲವು ಕಾರ್ಖಾನೆಗಳಿಗೆ ತಂಪಿನ ಅನಿಲ ಮಾರುವುದಕ್ಕಿಂತ ಕಸ ಸುಡುವುದರಲ್ಲೇ ಹೆಚ್ಚು ಗಿಟ್ಟತೊಡಗಿತು. ಸುಡಲಿಕ್ಕೆಂದೇ ಕಸ ಮಾಡುತ್ತಿದ್ದಾರೆ ಎಂಬ ಕೂಗೆದ್ದ ಮೇಲೆ, 2013ರಿಂದ ಯುರೋಪಿನವರು ಆ ಕ್ರೆಡಿಟ್ಟೇ ಬೇಡವೆಂದರು. ನಮ್ಮ ಬ್ಯಾಡಗಿಯವನ ಬೇವಿನ ಮರ ಇಷ್ಟೆಲ್ಲ ಬುದ್ಧಿ ಓಡಿಸದೆ ಬರೀ ನೆರಳು ಕೊಡುತ್ತ ನಿಂತಿತ್ತು, ಅದಕ್ಕೇ ಫೇಲ್.

ಊಟದ ನಂತರ ನಿವೃತ್ತ ಮಾಸ್ತರರೊಬ್ಬರು ಮೈಕು ಹಿಡಿದರು. ಧಾರವಾಡದವರ ಕೈಗೆ ಊಟದ ಮೇಲೆ ಮೈಕು ಕೊಡಬಾರದು ಎಂಬುದು ಬೆಂಗಳೂರಿನವರಿಗೆ ಹೇಗೆ ತಿಳಿಯಬೇಕು?

"1987ರ ನವೆಂಬರ್ 14ಕ್ಕ, ಈಗಿನ ಹಾವೇರಿ ಜಿಲ್ಲಾದ ಕುಸನೂರಿನಾಗ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಆತು. ಊರ ಗೋಮಾಳಾನ ಸರಕಾರ ಕಂಪನಿಗೆ ಕೊಟ್ಟು ನೀಲಗಿರಿ ಹಚ್ಚಿಸಿತ್ತು. ಮಂದಿ ನೀಲಗಿರಿ ಕಿತ್ತು, ತಮಗ ಬೇಕಾದ ಗಿಡಾ ಹಚ್ಚಿದ್ರು. ಕಡೀಕ ಕಂಪನೀನ ಮುಚ್ಚಿತು. ಇದಕ್ಕ ಎಷ್ಟ ಕ್ರೆಡಿಟ್ರಿ?"

ಕನ್ಸಲ್ಟಂಟರು ಗಾಬರಿಯಾದರು. ನೀಲಗಿರಿ ಬೇಗ ಬೆಳೆಯುವ ಮರ, ಲೆಕ್ಕದ ಪುಸ್ತಕಕ್ಕೆ ಬಲು ಪ್ರೀತಿಯದು. ಅದನ್ನು ಕಿತ್ತರೆ ಹೊರಸೂಸುವಿಕೆ! ಅಂದರೆ ಕುಸನೂರಿನವರೇ ಬಾಕಿದಾರರು. ಇಷ್ಟು ವರ್ಷದ ಬಡ್ಡಿ ಕೇಳಲಿಲ್ಲ, ಅದು ಅವರ ದೊಡ್ಡಗುಣ.

ಮಾಸ್ತರರು ಬಿಡಲಿಲ್ಲ. "ಆತು, ಗದಗಿಗೆ ಬರ್ರಿ. 2010ರಾಗ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಗೆ ಪೋಸ್ಕೊ ಉಕ್ಕಿನ ಕಾರ್ಖಾನಿ ಬರತೈತಿ ಅಂದ್ರು. ವರ್ಷಕ್ಕ 60 ಲಕ್ಷ ಟನ್ನು. ರೈತರು, ತೋಂಟದ ಸಿದ್ಧಲಿಂಗ ಸ್ವಾಮಿಗಳು ಕೂಡಿ ನಿಂತು, 2011ರಾಗ ಸರಕಾರ ಕೈಬಿಟ್ಟಿತು. ಒಂದು ಟನ್ನು ಉಕ್ಕಿಗೆ ಸುಮಾರು ಎರಡು ಟನ್ನು ಇಂಗಾಲ ಅಂತ ಹಿಡೀರಿ. ವರ್ಷಕ್ಕ 1 ಕೋಟಿ 20 ಲಕ್ಷ ಟನ್ನು ಆಗದ ಹೋತು! ನಿಮ್ಮ ಹಳೇ ರೇಟು 20 ಯೂರೊ ಹಚ್ಚಿದ್ರ ವರ್ಷಕ್ಕ 24 ಕೋಟಿ ಯೂರೊ. ಬೇಕಂದ್ರ ಅರ್ಧಾ ಕೊಡ್ರಿ, ಬ್ಯಾಡ ಅನ್ನೂದಿಲ್ಲ."

"ಪ್ರಾಜೆಕ್ಟ್ ಡಿಸೈನ್ ಡಾಕ್ಯುಮೆಂಟ್ ಮಾಡಿಸಿದ್ರಾ ಸರ್?"

"ಹೋರಾಟ ಮಾಡಿದ್ರು."

"ಮತ್ತೆ ಲೀಕೇಜ್ ಇದೆ. ಆ ಉಕ್ಕು ಬೇರೆ ಕಡೆ ತಯಾರಾಗುತ್ತೆ, ಹೊಗೆ ಅಲ್ಲಿ ಬರುತ್ತೆ."

ಇದು ಮಾತ್ರ ನ್ಯಾಯವಾದ ಮಾತು ಎಂದು ಒಪ್ಪುತ್ತೇನೆ. ಆದರೆ ಲೀಕೇಜಿನ ನೆನಪು ಇವರಿಗೆ ರೈತರ ಎದುರು ಬಂದಷ್ಟು ಚುರುಕಾಗಿ ಇನ್ನೆಲ್ಲೂ ಬರುವುದಿಲ್ಲ. ಇನ್ನು ಕಪ್ಪತಗುಡ್ಡದ ವಿಷಯ. ಅಲ್ಲಿ ಬೇಸ್‌ಲೈನನ್ನು, ಅಂದರೆ ಯಾರೂ ತಡೆಯದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕವನ್ನು, ಸರಕಾರವೇ ಒದಗಿಸಿತ್ತು: 2015ರಲ್ಲಿ ಸಂರಕ್ಷಿತ ಎಂದಿತು, 2016ರಲ್ಲಿ ಹಿಂತೆಗೆದುಕೊಂಡಿತು, ಗದಗಿನ ಜನ ಧರಣಿ ಕೂತ ಮೇಲೆ 2017ರಲ್ಲಿ ಮತ್ತೆ ಸಂರಕ್ಷಿತ ಎಂದಿತು, 2019ರಲ್ಲಿ ವನ್ಯಜೀವಿಧಾಮ ಮಾಡಿತು. ಬೆದರಿಕೆ ಹಾಕಿದವರೂ ಅವರೇ, ಕಾಪಾಡಿದ ಹೆಸರೂ ಅವರದೇ. ಕಾರ್ಬನ್ ಶಾಸ್ತ್ರದ ಪರೀಕ್ಷೆಯಲ್ಲಿ ಪೂರ್ತಿ ಅಂಕ ಗಿಟ್ಟಿಸಬಲ್ಲ ಪ್ರಕರಣ ಇದೊಂದೇ.

ಇಷ್ಟರಲ್ಲಿ ಸಭೆಗೆ ಸೂತ್ರ ಹತ್ತಿಬಿಟ್ಟಿತ್ತು. ಏನಾಗಬೇಕಿತ್ತು, ಏನಾಗಲಿಲ್ಲ ಎಂದು ಲೆಕ್ಕ ಹಾಕುವುದನ್ನು ನಮಗೆ ಕಲಿಸಲು ವಿಮಾನ ಹತ್ತಿ ಬರಬೇಕೆ? ಹುಬ್ಬಳ್ಳಿ-ಧಾರವಾಡದ ಕಟ್ಟೆಗಳ ಮೇಲೆ ದಿನಾ ಸಂಜೆ ಗಿರಮಿಟ್ ಜೊತೆ ನಡೆಯುವುದು ಅದೇ ವ್ಯವಹಾರ. 1997-98ರ ಬಜೆಟ್ಟಿನಲ್ಲಿ ಮಂಜೂರಾದ ಹುಬ್ಬಳ್ಳಿ-ಅಂಕೋಲಾ ರೈಲು ಇನ್ನೂ ಘಟ್ಟದ ಕಾಡು ಹೊಕ್ಕಿಲ್ಲ, ಮರಗಳೆಲ್ಲ ನಿಂತಿವೆ: ಬರೆದುಕೊಳ್ಳಿ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿದರೂ ನರಗುಂದದ ಹೊಲಕ್ಕೆ ಕಳಸಾ-ಬಂಡೂರಿ ನೀರು ಬಂದಿಲ್ಲ, ತಿರುಗಬೇಕಾಗಿದ್ದ ಮೋಟರುಗಳು ತಿರುಗಿಲ್ಲ: ಅದನ್ನೂ ಬರೆದುಕೊಳ್ಳಿ. ಆಗದ ಕೆಲಸಕ್ಕೆಲ್ಲ ರೇಟು ಇದ್ದರೆ ಉತ್ತರ ಕರ್ನಾಟಕ ಇಷ್ಟೊತ್ತಿಗೆ ದುಬೈ ಆಗಿರಬೇಕಿತ್ತು. ದುಬೈ ಆಗದೇ ಉಳಿದದ್ದಕ್ಕೂ ಬೇರೆ ಕ್ರೆಡಿಟ್.

ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಢಾರಿಗೆ ಕಣ್ಣು ಹೊಳೆದವು. ಇಷ್ಟು ದಿನ ಮಂದಿ ಬೈಯುತ್ತಿದ್ದ ಪ್ರಣಾಳಿಕೆ ಒಂದು ಹೂಡಿಕೆ ಎಂದು ಅವನಿಗೆ ಈಗ ಹೊಳೆಯಿತು. ಭರವಸೆ ಎಷ್ಟು ದೊಡ್ಡದೋ ಬೇಸ್‌ಲೈನೂ ಅಷ್ಟೇ ದೊಡ್ಡದು. ಎದ್ದು ಕೇಳಿಯೇಬಿಟ್ಟ.

"ಹಾವೇರಿಗೆ ಬಂದರು ಕೊಡತೀವಿ ಅಂತ ಬರದ್ರ ಹೆಂಗ್ರಿ? ಹಡಗಿನ ಹೊಗೀನೂ ಲೆಕ್ಕಕ್ಕ ಬರತೈತೇನ್ರಿ?"

"ಹಾವೇರಿಯಲ್ಲಿ ಸಮುದ್ರ ಎಲ್ಲಿದೆ ಸರ್?"

"ಅದಕ್ಕ ಅಲ್ರಿ! ಅಂಕೋಲಾ ರೈಲು ಯಾವಾಗರ ಆಗಿಬಿಡಬಹುದು, ಅದನ್ನ ನಂಬಾಕ ಬರೂದಿಲ್ಲ. ಇದು ಯಾವ ಸರಕಾರ ಬಂದ್ರೂ ಆಗೂದಿಲ್ಲ. ಪರ್ಮನೆನ್ಸ್ ನೂರಕ್ಕ ನೂರು!"