ಮೊದಲು ಡಿಜೆ ಕೈಗೆ, ಆಮೇಲೆ ಮೈಕಿನ ಮುಂದೆ

ಅಮೆರಿಕದ ಅಟ್ಲಾಂಟಾದಲ್ಲಿ ಹೊಸ ರ‍್ಯಾಪರ್ ಹಾಡು ಮುಗಿಸಿದ ಕೂಡಲೇ ಹುಡುಕುವುದು ಡಿಜೆಯನ್ನು. ಬೆಂಗಳೂರಿನಲ್ಲಿ ಕನ್ನಡ ರ‍್ಯಾಪ್ ಮಾಡುವ ಹುಡುಗರು ಕೈಯಲ್ಲಿದ್ದ ದುಡ್ಡನ್ನೆಲ್ಲ ವಿಡಿಯೊಗೆ ಸುರಿದು, ಯೂಟ್ಯೂಬಿಗೆ ಏರಿಸಿ, ಸಿಕ್ಕ ಚಾನೆಲ್ಲಿಗೆಲ್ಲ ಸಂದರ್ಶನ ಕೊಟ್ಟು, ರೀಲ್ಸ್ ಓಡಲಿ ಎಂದು ಕಾಯುತ್ತಾರೆ. ಅಟ್ಲಾಂಟಾದಲ್ಲಿ ನೆಲೆಸಿ ಎರಡೂ ಕಡೆಯ ಪದ್ಧತಿ ಗಮನಿಸುತ್ತ ಬಂದ ನನಗೆ ಇಲ್ಲಿಯ ಕ್ರಮವೇ ಸರಿ ಅನಿಸುತ್ತದೆ. ಹಾಡಿಗೆ ಜನ ಒಮ್ಮೆ ಕುಣಿದ ಮೇಲೆ ಕೊಟ್ಟ ಸಂದರ್ಶನಕ್ಕೆ ಕೇಳುಗರಿರುತ್ತಾರೆ. ಅದಕ್ಕೆ ಮುಂಚೆ ಕೊಟ್ಟದ್ದನ್ನು ಗೆಳೆಯರು ಲೈಕ್ ಮಾಡಿ ಮುಂದೆ ಹೋಗುತ್ತಾರೆ.

ಚಂದನ್ ಶೆಟ್ಟಿ, ಆಲ್ ಓಕೆ ಯೂಟ್ಯೂಬಿನಿಂದಲೇ ಮನೆಮಾತಾದರಲ್ಲ ಎನ್ನಬಹುದು. ನಿಜ. ಆಗ ಕನ್ನಡದಲ್ಲಿ ರ‍್ಯಾಪ್ ಹಾಕುವವರೇ ಕಡಿಮೆ. ಇವತ್ತು ಆ ಬಾಗಿಲಲ್ಲಿ ನೂಕುನುಗ್ಗಲು.

ಅಟ್ಲಾಂಟಾದ ಕ್ರಮ ಬೆಳೆದದ್ದು ಕ್ಲಬ್ಬುಗಳಲ್ಲಿ, ಅದರಲ್ಲೂ ಸ್ಟ್ರಿಪ್ ಕ್ಲಬ್ಬುಗಳಲ್ಲಿ. 1985ರಲ್ಲಿ ತೆರೆದ ಮ್ಯಾಜಿಕ್ ಸಿಟಿಯಲ್ಲಿ ಸೋಮವಾರ ರಾತ್ರಿ ಹೊಸ ಹಾಡಿನ ಪರೀಕ್ಷೆ ನಡೆಯುತ್ತದೆ. ಕುಣಿಯುವ ಹೆಂಗಸರಿಗೆ ಲಯ ಒಪ್ಪಿಗೆಯಾಗದಿದ್ದರೆ ಹಾಡು ಅಲ್ಲಿಗೇ ಮುಗಿಯಿತು. ಒಪ್ಪಿಗೆಯಾದರೆ ಅದೇ ರಾತ್ರಿ ಎರಡನೇ ಸಲ ಬರುತ್ತದೆ. ಅಲ್ಲಿ ಡಿಜೆ ಆಗಿದ್ದ ಎಸ್ಕೋ, ಫ್ಯೂಚರ್ ಎಂಬ ರ‍್ಯಾಪರನ ಹಾಡುಗಳನ್ನು ಹೀಗೆಯೇ ಊರಿಗೆ ಹಚ್ಚಿದ್ದು. ಕ್ಲಬ್ಬಿನಲ್ಲಿ ಎದ್ದ ಹಾಡು ವಿ-103, ಹಾಟ್ 107.9 ರೇಡಿಯೊಗಳಿಗೆ ಹೋಗುತ್ತದೆ, ಸಂದರ್ಶನದ ಕರೆ ಆ ಹೊತ್ತಿಗೆ ಬರುತ್ತದೆ. ಹೆಂಗಸರ ಮೈಯನ್ನು ವ್ಯಾಪಾರ ಮಾಡುವ ಆ ಜಾಗವನ್ನು ನಾನು ಹೊಗಳುತ್ತಿಲ್ಲ. ನಾವು ಕಲಿಯಬೇಕಾದದ್ದು ಕ್ರಮವನ್ನು ಮಾತ್ರ: ಮೊದಲು ನೆಲ, ಆಮೇಲೆ ರೇಡಿಯೊ, ಕೊನೆಗೆ ಮಾತು.

ಬೆಂಗಳೂರಿನ ಇಂದಿರಾನಗರ, ಕೋರಮಂಗಲದ ಪಬ್ಬುಗಳಲ್ಲಿ ಈ ಕ್ರಮ ಹಾಗೆಯೇ ನಡೆಯುವುದಿಲ್ಲ. ಅಲ್ಲಿ ಡಿಜೆಗೆ ಟೇಬಲ್ಲು ಖಾಲಿಯಾಗದಂತೆ ನೋಡಿಕೊಳ್ಳುವ ಒತ್ತಡ. ಪಂಜಾಬಿ, ಹಿಂದಿ, ಇಂಗ್ಲಿಷ್ ಆದ ಮೇಲೆ ಕನ್ನಡಕ್ಕೆ ಸಿಗುವ ಸ್ವಲ್ಪ ಹೊತ್ತನ್ನೂ ಸಿನಿಮಾ ಹಾಡು ತುಂಬುತ್ತದೆ. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಶುರುವಾದದ್ದು ಬೆಂಗಳೂರಿನಲ್ಲೇ, ಆದರೆ ಎಫ್‌ಎಂನಲ್ಲೂ ಸಿನಿಮಾ ಹಾಡಿನದೇ ಆಳ್ವಿಕೆ.

ಅಟ್ಲಾಂಟಾ ಮಾದರಿ ಕರ್ನಾಟಕದಲ್ಲಿ ಈಗಾಗಲೇ ಇದೆ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಸಿನಿಮಾದ ಹಂಗಿಲ್ಲದ ಜಾನಪದ ಹಾಡುಗಳು ಡಿಜೆ ಮಿಕ್ಸ್ ಆಗಿ, ಟ್ರ್ಯಾಕ್ಟರಿಗೆ ಕಟ್ಟಿದ ಸ್ಪೀಕರುಗಳಿಂದ, ಮೆರವಣಿಗೆಗಳಿಂದ, ಮದುವೆಗಳಿಂದ ಊರೂರಿಗೆ ಹಬ್ಬಿವೆ. ಗಾಯಕರ ಹೆಸರು ಗೊತ್ತಾಗುವ ಮೊದಲೇ ಹಾಡು ಬಾಯಿಪಾಠವಾಗಿರುತ್ತದೆ. ಕನ್ನಡ ರ‍್ಯಾಪರುಗಳು ಈ ಡಿಜೆಗಳನ್ನು ಹಳ್ಳಿಯವರೆಂದು ದೂರ ಇಟ್ಟಿರುವುದು ನನಗೆ ನೋವಿನ ಸಂಗತಿ. ಸ್ವತಂತ್ರ ಹಾಡನ್ನು ಜನರಿಗೆ ಮುಟ್ಟಿಸುವ ಕಲೆ ನಮ್ಮಲ್ಲಿ ಅವರಷ್ಟು ಬಲ್ಲವರು ಬೇರೆ ಯಾರಿದ್ದಾರೆ? ಇವರ ಜೊತೆಗೆ ಕಾಲೇಜು ಹಬ್ಬದ ಡಿಜೆಗಳು, ಕಂಪನಿಗಳ ರಾಜ್ಯೋತ್ಸವಕ್ಕೆ ಸೌಂಡ್ ಹಾಕುವವರು ಸೇರಿದರೆ ಪಬ್ಬಿನ ಬಾಗಿಲು ಕಾಯುವ ಅಗತ್ಯವೇ ಇಲ್ಲ.

ಡಿಜೆಗೆ ಏನು ಕೊಡಬೇಕು ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಯೂಟ್ಯೂಬ್ ಲಿಂಕ್ ಕಳಿಸುವುದೆಂದರೆ ಕೆಲಸವನ್ನು ಅವನ ತಲೆಗೆ ಕಟ್ಟಿದಂತೆ. ಅಲ್ಲಿಂದ ಇಳಿಸಿಕೊಂಡ ಆಡಿಯೊ ದೊಡ್ಡ ಸ್ಪೀಕರಿನಲ್ಲಿ ಸಪ್ಪೆಯಾಗುತ್ತದೆ, ಪಕ್ಕದ ಹಾಡಿನ ಮುಂದೆ ಸೋಲುತ್ತದೆ. ಪಾಸ್‌ವರ್ಡ್ ಕೇಳದ ಒಂದು ಡ್ರೈವ್ ಫೋಲ್ಡರಿನಲ್ಲಿ ಮೂಲ ಹಾಡು, ಬೈಗುಳ ತೆಗೆದ ಆವೃತ್ತಿ, ಬರೀ ಬೀಟ್, ಬರೀ ದನಿ, ಈ ನಾಲ್ಕೂ ಇರಲಿ. ಪ್ರತಿಯೊಂದೂ ವೇವ್ (ಕುಗ್ಗಿಸದ ಪೂರ್ಣ ಫೈಲ್) ಮತ್ತು 320 ಕೆಬಿಪಿಎಸ್ ಎಂಪಿ3 ಎರಡರಲ್ಲೂ ಬೇಕು. ಫೈಲಿನ ಹೆಸರಿನಲ್ಲೇ ಕಲಾವಿದ, ಹಾಡು, ಆವೃತ್ತಿ, ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳದ ಪೆಟ್ಟು) ಬರೆದಿರಲಿ. ‘ಫೈನಲ್ ಮಿಕ್ಸ್ 3’ ಎಂಬ ಫೈಲ್ ಕತ್ತಲಲ್ಲಿ ಲ್ಯಾಪ್‌ಟಾಪ್ ನೋಡುವವನಿಗೆ ಸಿಗುವುದೇ ಇಲ್ಲ.

ಇದಕ್ಕಿಂತ ಮುಖ್ಯ, ಮೂಲ ಹಾಡಿನ ಡಿಜೆ ಎಡಿಟ್. ಹಾಡಿನ ಹಿಂದೆ ಮುಂದೆ ಎಂಟೆಂಟು ಬಾರ್ (ನಾಲ್ಕು ಪೆಟ್ಟಿನ ಒಂದು ಆವರ್ತ) ಬರೀ ಡ್ರಮ್ ಇರಬೇಕು. 140 ಬಿಪಿಎಂ ಹಾಡಿಗೆ ಅದು ಸುಮಾರು 14 ಸೆಕೆಂಡು, 95ಕ್ಕೆ ಸುಮಾರು 20. ಹಿಂದಿನ ಹಾಡಿನ ಮೇಲೆ ನಿಮ್ಮದನ್ನು ಕೂರಿಸಲು ಡಿಜೆಗೆ ಇಷ್ಟು ಜಾಗ ಸಾಕು. ಅರ್ಧ ನಿಮಿಷ ವೀಣೆ, ಮಳೆಯ ಸದ್ದು, ಸಂಭಾಷಣೆ ಇಟ್ಟು ಶುರುವಾಗುವ ಹಾಡು ವಿಡಿಯೊದಲ್ಲಿ ಚೆಂದ. ನೆಲದ ಮೇಲೆ ಅಷ್ಟರಲ್ಲಿ ಜನ ಕುಣಿತ ನಿಲ್ಲಿಸಿರುತ್ತಾರೆ.

ಮಿಕ್ಸಿಂಗಿನಲ್ಲಿ ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು ಬೇಸನ್ನು ಸ್ಟೀರಿಯೊದಲ್ಲಿ ಅಗಲಿಸುವುದು. ಎಷ್ಟೋ ಕ್ಲಬ್ಬು, ಪೆಂಡಾಲುಗಳ ಸೌಂಡ್ ಎಡ-ಬಲ ಎರಡನ್ನೂ ಒಂದು ಮಾಡಿ ಹೊರಡಿಸುತ್ತದೆ. ಅಗಲಿಸಿದ ಬೇಸ್ ಆಗ ತನ್ನನ್ನು ತಾನೇ ಅಳಿಸಿಕೊಂಡು ಹಾಡು ಟೊಳ್ಳಾಗುತ್ತದೆ. 120 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಮೊನೊದಲ್ಲಿ, ಅಂದರೆ ಎಡ-ಬಲದಲ್ಲಿ ಒಂದೇ ಆಗಿ, ಇರಲಿ. ಕಳಿಸುವ ಮುನ್ನ ಇಡೀ ಹಾಡನ್ನು ಮೊನೊ ಗುಂಡಿ ಒತ್ತಿ ಕೇಳಿ. ಎರಡನೆಯದು 808ರ, ಅಂದರೆ ಬೀಟಿನ ಆಳದ ಬೇಸ್ ಡ್ರಮ್ಮಿನ, ಶ್ರುತಿ. ಪಾಶ್ಚಾತ್ಯ ಸ್ವರಗಳಲ್ಲಿ ಕೆಳಗಿನ ಡಿ ಸುಮಾರು 37 ಹರ್ಟ್ಸ್. ಬಾಡಿಗೆ ಸ್ಪೀಕರುಗಳಲ್ಲಿ ಬಹಳಷ್ಟು ಅಲ್ಲಿಯವರೆಗೆ ಇಳಿಯುವುದಿಲ್ಲ, ಇಳಿದರೂ ಬರೀ ಗರಗರ. ಎಫ್ ಸುಮಾರು 44, ಜಿ 49. ಹಾಡನ್ನು ಆ ಶ್ರುತಿಗೆ ಏರಿಸಿದರೆ ಅದೇ ಸ್ಪೀಕರು ಎದೆಗೆ ಬಡಿಯುತ್ತದೆ. ಫೋನಿನಲ್ಲಿ ಮಾತ್ರ ಕೇಳಿ ಮಿಕ್ಸ್ ಒಪ್ಪಿಕೊಂಡವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ.

ಬೈಗುಳದ ವಿಷಯ. ಅಮೆರಿಕದ ರೇಡಿಯೊದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಅಸಭ್ಯ ಮಾತು ಹಾಕುವಂತಿಲ್ಲ, ಹಾಗಾಗಿ ಎರಡು ಆವೃತ್ತಿ ಮಾಡುವುದು ಇಲ್ಲಿ ರೂಢಿ. ಗಣಪತಿ ಪೆಂಡಾಲು, ಕಾಲೇಜು ವೇದಿಕೆಗಳಲ್ಲಿ ಅಜ್ಜಿ, ಪ್ರಿನ್ಸಿಪಾಲರು ಎಲ್ಲರೂ ಕೂತಿರುತ್ತಾರೆ; ಅಲ್ಲಿ ಶುದ್ಧ ಆವೃತ್ತಿಯೇ ನಿಮ್ಮ ಮುಖ್ಯ ಹಾಡು. ಬೀಪ್ ಹಾಕಬೇಡಿ, ಲಯ ಕೆಡುತ್ತದೆ. ಆ ಪದದ ದನಿ ಮಾತ್ರ ತೆಗೆದು ಬೀಟನ್ನು ಹರಿಯಲು ಬಿಡಿ. ಇನ್ನೂ ಒಳ್ಳೆಯದು, ಆ ಸಾಲಿಗೆ ಬೇರೆ ಪದ ಕಟ್ಟಿ ಮತ್ತೆ ಹಾಡುವುದು.

ಡಿಜೆಯನ್ನು ಶನಿವಾರ ರಾತ್ರಿ ಕನ್ಸೋಲಿನ ಬಳಿ ಹೋಗಿ ಪೀಡಿಸಬಾರದು. ಸೋಮವಾರ, ಮಂಗಳವಾರ ಬಿಡುವಿರುತ್ತದೆ. ಒಂದೇ ಹಾಡು ಕೊಡಿ, ‘ಅಣ್ಣಾ, ಜನ ಎಲ್ಲಿ ನಿಂತರು ಹೇಳಿ’ ಎಂದು ಕೇಳಿ. ದೊಡ್ಡ ಹೆಸರಿನವರಿಗಿಂತ ರಾತ್ರಿಯ ಮೊದಲ ಪಾಳಿ ನುಡಿಸುವವರು ಹೊಸದಕ್ಕೆ ಹೆಚ್ಚು ತೆರೆದಿರುತ್ತಾರೆ. ಅವರ ಹೆಸರು ಹಿಡಿದು ನಿಮ್ಮ ದನಿಯಲ್ಲಿ ಐದು ಸೆಕೆಂಡಿನ ಒಂದು ಡ್ರಾಪ್ (ಹಾಡಿನ ಮೇಲೆ ಹಾಕುವ ಕೂಗು) ಮಾಡಿಕೊಟ್ಟರೆ ಅದನ್ನು ಬೇರೆ ಕಡೆಯೂ ಹಾಕುತ್ತಾರೆ, ಜೊತೆಗೆ ಹಾಡೂ ಹೋಗುತ್ತದೆ.

ಇನ್ನು ಸಂದರ್ಶನ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ 89.9 ಎಫ್‌ಎಂನಲ್ಲಿ 1990ರಿಂದ 1998ರವರೆಗೆ ಸ್ಟ್ರೆಚ್ ಮತ್ತು ಬಾಬಿಟೊ ನಡೆಸಿದ ಕಾರ್ಯಕ್ರಮಕ್ಕೆ ಕಂಪನಿಗಳ ಬೆಂಬಲವಿಲ್ಲದ ಹುಡುಗರು ನಡುರಾತ್ರಿ ಬರುತ್ತಿದ್ದರು. ಮಾತು ಸ್ವಲ್ಪ, ಮೈಕಿನ ಮುಂದೆ ರ‍್ಯಾಪ್ ಹೆಚ್ಚು. ನಮ್ಮ ಯೂಟ್ಯೂಬ್ ಸಂದರ್ಶನಗಳಲ್ಲಿ ಒಂದು ಗಂಟೆ ಮಾತು: ಮನೆಯಲ್ಲಿ ಒಪ್ಪಿದರಾ, ಈ ಹೆಸರು ಯಾಕೆ, ಸಿನಿಮಾದಲ್ಲಿ ಯಾವಾಗ. ಹಾಡು ಒಂದು ನಿಮಿಷವೂ ಇರುವುದಿಲ್ಲ.

ಇದಕ್ಕೆ ಒಂದು ತಾಂತ್ರಿಕ ಕಾರಣವೂ ಉಂಟು. ನಿಮ್ಮ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಆ್ಯಪುಗಳಿಗೆ ತಲುಪಿಸುವ ಕಂಪನಿಯವರು, ಅದನ್ನು ಕಂಟೆಂಟ್ ಐಡಿಗೆ (ಹಾಡು ಯಾರದೆಂದು ಗುರುತಿಸುವ ಯೂಟ್ಯೂಬಿನ ವ್ಯವಸ್ಥೆಗೆ) ಸೇರಿಸಿರುತ್ತಾರೆ. ಚಾನೆಲ್ಲಿನವರು ಅದನ್ನು ಹಾಕಿದರೆ ವಿಡಿಯೊ ಮೇಲೆ ಕ್ಲೇಮ್ ಬಂದು ಅವರ ಆದಾಯ ಹೋಗಬಹುದು. ಅದಕ್ಕೇ ಕತ್ತರಿಸುತ್ತಾರೆ. ಸಂದರ್ಶನಕ್ಕೆ ಒಂದು ವಾರ ಮೊದಲೇ ಆ ಚಾನೆಲ್ಲನ್ನು ವೈಟ್‌ಲಿಸ್ಟ್ ಮಾಡಲು, ಅಂದರೆ ಕ್ಲೇಮಿನಿಂದ ಹೊರಗಿಡಲು, ಡಿಸ್ಟ್ರಿಬ್ಯೂಟರಿಗೆ ಬರೆಯಿರಿ, ಆದದ್ದನ್ನು ಚಾನೆಲ್ಲಿನವರಿಗೂ ತಿಳಿಸಿ. ಲೀಸಿಗೆ ತಂದ ಬೀಟಾದರೆ ಕಂಟೆಂಟ್ ಐಡಿಗೆ ಸೇರಿಸಲೇಬೇಡಿ. ಅದೇ ಬೀಟಿನ ಮೇಲೆ ಬೇರೆಯವರೂ ಹಾಡಿರುತ್ತಾರೆ, ಸುಮ್ಮನೆ ಜಗಳ.

ಪ್ರಶ್ನೆ ಕಳಪೆ ಎಂದು ಗೊಣಗುವುದಕ್ಕಿಂತ ಆರು ಪ್ರಶ್ನೆ ನೀವೇ ಬರೆದು ಮುಂಚಿತವಾಗಿ ಕಳಿಸಿ. ಬೀಟ್ ಮಾಡಿದವರು ಯಾರು, ಆ ಸಾಲು ಯಾವ ಊರಿನ ಮಾತು, ಯಾವ ಊರಿನಲ್ಲಿ ಮೊದಲು ಜನ ಎದ್ದರು, ಇಂಥವು. ಜಾತ್ರೆಯಲ್ಲಿ ಹಾಡು ಎದ್ದ ಇಪ್ಪತ್ತು ಸೆಕೆಂಡಿನ ಫೋನ್ ವಿಡಿಯೊ ಜೊತೆಗಿಡಿ. ಅದು ನಿಮ್ಮ ಅರ್ಜಿಗಿಂತ ಬಲವಾದ ಸಾಕ್ಷಿ. ಮಾತಿನ ನಡುವೆ ಒಂದು ನಿಮಿಷ ಬೀಟಿಲ್ಲದೆ ರ‍್ಯಾಪ್ ಮಾಡಲು ಅವಕಾಶ ಕೇಳಿ. ಆಮೇಲೆ ಜನರ ನಡುವೆ ಓಡಾಡುವುದು ಆ ತುಣುಕೇ.

ಸಂದರ್ಶನಕ್ಕೆ ದುಡ್ಡು ಕೊಡುವ ಪ್ಯಾಕೇಜುಗಳು ಈಗ ಬಂದಿವೆ. ಅಮೆರಿಕದಲ್ಲಿ ಹಣ ಪಡೆದು, ಅದನ್ನು ತಿಳಿಸದೆ ರೇಡಿಯೊದಲ್ಲಿ ಹಾಡು ಹಾಕುವುದು 1960ರಿಂದ ಅಪರಾಧ. ನಮ್ಮಲ್ಲೂ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ 2021ರಲ್ಲಿ ಹಣ ಪಡೆದ ಪ್ರಚಾರಕ್ಕೆ ಜಾಹೀರಾತು ಎಂದು ಹೆಸರಿಸಬೇಕೆಂದು ಹೇಳಿದೆ. ಆ ದುಡ್ಡಿಗೆ ಒಬ್ಬ ಒಳ್ಳೆಯ ಮಾಸ್ಟರಿಂಗ್ ಎಂಜಿನಿಯರ್ ಸಿಗುತ್ತಾರೆ.

ದಿನಾಂಕವನ್ನು ಹಿಂದಿನಿಂದ ಎಣಿಸಿ. ಸ್ಪಾಟಿಫೈ ಸಂಪಾದಕರಿಗೆ ಹಾಡು ಸೂಚಿಸಲು ಬಿಡುಗಡೆಗೆ ಕನಿಷ್ಠ 7 ದಿನ ಬೇಕು; ಡಿಜೆಗಳಿಗೆ ಮೂರು ನಾಲ್ಕು ವಾರ ಮೊದಲೇ ಕೊಟ್ಟಿರಬೇಕು. ನವೆಂಬರಿನ ರಾಜ್ಯೋತ್ಸವಕ್ಕೆ ಹಾಡು ಬೇಕೆಂದರೆ ಫೋಲ್ಡರ್ ಸೆಪ್ಟೆಂಬರ್ ಕೊನೆಗೆ ಸಿದ್ಧವಿರಲಿ, ಅಕ್ಟೋಬರ್ ಕಾಲೇಜು ಹಬ್ಬಗಳಲ್ಲಿ ಡಿಜೆಗಳು ಅದನ್ನು ಪರೀಕ್ಷಿಸಲಿ, ಎಡಿಟ್ ಬದಲಿಸಬೇಕಿದ್ದರೆ ಆಗಲೇ ಬದಲಿಸಿ. ಸಂದರ್ಶನಗಳನ್ನು ನವೆಂಬರ್ ಎರಡನೇ ವಾರಕ್ಕೆ ಇಟ್ಟುಕೊಳ್ಳಿ.