ಬಿದ್ದ ಮರ ಅಲ್ಲೇ ಇರಲಿ

ಕಾಡಿಗೆ ಹೋಗಿಬಂದವರನ್ನು ನಮ್ಮ ಜನ ಮೊದಲು ಕೇಳುವುದೇ "ಏನಾದ್ರೂ ಕಾಣಿಸ್ತಾ?" ಅಂತ. ನಾಗರಹೊಳೆಗೆ ಹೋದವರು ಜಿಂಕೆ ಹಿಂಡಿನ ಕಥೆ ಹೇಳಿಯಾದರೂ ಪಾರಾಗಬಹುದು. ಜರ್ಮನಿಯ ಹೈನಿಶ್‌ಗೆ ಹೋದವರ ಪಾಡು ಕಷ್ಟ. ಅಲ್ಲಿ ಕಣ್ಣಿಗೆ ಬೀಳುವುದು ಜಾಸ್ತಿ ಸತ್ತ ಮರಗಳೇ.

ಥುರಿಂಗಿಯಾ ರಾಜ್ಯದ ಈ ಬೀಚ್ ಮರಗಳ ಕಾಡು ಸುಮಾರು 75 ಚದರ ಕಿಲೋಮೀಟರ್ ಇದೆ. ಒಂದು ಕಾಲದಲ್ಲಿ ಸೈನಿಕರು ಗುಂಡು ಹಾರಿಸಿ ಅಭ್ಯಾಸ ಮಾಡುತ್ತಿದ್ದ ಜಾಗ. ಒಂದಷ್ಟು ಭಾಗ ಬೋಳಾಯಿತು ನಿಜ. ಆದರೆ ಹೊರಗಿನವರಿಗೆ ಪ್ರವೇಶವಿಲ್ಲದ್ದರಿಂದ ಉಳಿದದ್ದು ತನ್ನ ಪಾಡಿಗೆ ಬೆಳೆಯಿತು. ಮರದ ಮಟ್ಟಿಗೆ ಗರಗಸಕ್ಕಿಂತ ಫಿರಂಗಿಯೇ ವಾಸಿ ಅನ್ನಿ. 1997ರ ಕೊನೆಯ ದಿನ ಅದು ರಾಷ್ಟ್ರೀಯ ಉದ್ಯಾನವಾಯಿತು. 2011ರಲ್ಲಿ ಅದರ ಒಂದು ಭಾಗ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿತು. ಈಗ ಅಲ್ಲಿ ಬಿದ್ದ ಮರ ಬಿದ್ದಲ್ಲೇ ಇರುತ್ತದೆ.

ಮರಗಳ ನೆತ್ತಿಯ ಮಟ್ಟದಲ್ಲಿ ನಡೆಯಲು ಹಾದಿ ಕಟ್ಟಿದ್ದಾರೆ, 44 ಮೀಟರಿನ ಗೋಪುರವೂ ಇದೆ. ಮಕ್ಕಳಿಗೆ ಅದು ಖುಷಿ. ನನಗೆ ಕೆಳಗಿನ ಕೊಳೆತ ದಿಮ್ಮಿಗಳೇ ಇಷ್ಟ. ಒಂದರ ಮೇಲೆ ಗೊರಸಿನ ಆಕಾರದ ಗಟ್ಟಿ ಅಣಬೆ ಇತ್ತು. ಅರ್ಧ ಅಡ್ಡಡ್ಡ, ಇನ್ನರ್ಧ ನೆಟ್ಟಗೆ! ಬೀಜಕ, ಅಂದರೆ ಬೀಜದಂಥ ಸಣ್ಣ ಕಣ, ಉದುರಬೇಕಾದರೆ ಅಣಬೆಯ ತಳ ನೆಲ ನೋಡುತ್ತಿರಬೇಕು. ಮರ ನಿಂತಿದ್ದಾಗ ಬೆಳೆದದ್ದು ಒಂದು ದಿಕ್ಕು, ಮರ ಉರುಳಿದ ಮೇಲೆ ಬೆಳೆದದ್ದು ಇನ್ನೊಂದು. ಎಷ್ಟು ಶಿಸ್ತು ನೋಡಿ!

ನಿಂತ ಮರಗಳಲ್ಲಿ ಬಾಡಿಗೆದಾರರ ಗದ್ದಲ. ಕಾಗೆಯಷ್ಟು ದೊಡ್ಡ ಕಪ್ಪು ಮರಕುಟಿಗ, ಕೆಂಪು ಟೋಪಿಯ ಮೇಸ್ತ್ರಿ, ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಮೇಲೆ ಒಂದು ಜಾತಿಯ ಕಾಡುಪಾರಿವಾಳ ಬಂದು ಕೂರುತ್ತದೆ. ಅದಕ್ಕೆ ಗೂಡು ಬೇಕು, ಕೊರೆಯಲು ಬರುವುದಿಲ್ಲ. ಬಾವಲಿಗಳೂ ಕಾದಿರುತ್ತವೆ. ಅಡ್ವಾನ್ಸ್ ಇಲ್ಲ, ವರ್ಷಕ್ಕೊಮ್ಮೆ ಬಾಡಿಗೆ ಏರಿಸುವ ಓನರ್ ಇಲ್ಲ. ಬೆಂಗಳೂರಿನವರಿಗೆ ಹೊಟ್ಟೆ ಉರಿಯಬೇಕು, ಅಲ್ವಾ?

ಈ ಕಾಡಿನ ಹೀರೊ ಕಾಡುಬೆಕ್ಕು. ಹತ್ತಿರದ ಹ್ಯೂಟ್ಶೆರೋಡಾ ಹಳ್ಳಿಯಲ್ಲಿ ಬೇಲಿಯೊಳಗೆ ನೋಡಬಹುದು. ದಪ್ಪ ಬಾಲ, ಅದರ ಮೇಲೆ ಕಪ್ಪು ಉಂಗುರ, ತುದಿ ಮೊಂಡು. ಕಾಡಿನೊಳಗೆ ಅದನ್ನೇ ಹುಡುಕುವವರ ಕಣ್ಣಿಗೂ ಅದು ಬೀಳುವುದು ಅಪರೂಪ. ಹಾಗಾಗಿ ಒರಟು ಗೂಟಗಳಿಗೆ ವಲೇರಿಯನ್ ಅನ್ನೋ ಗಿಡದ ಬೇರಿನ ರಸ ಹಾಕಿ ನೆಡುತ್ತಾರೆ. ಬೆಕ್ಕಿಗೆ ಆ ವಾಸನೆ ಅಂದ್ರೆ ಹುಚ್ಚು. ಬಂದು ಮೈ ಉಜ್ಜಿದರೆ ನಾಲ್ಕು ಕೂದಲು ಸಿಕ್ಕಿಕೊಳ್ಳುತ್ತವೆ. ಅದನ್ನು ಲ್ಯಾಬಿಗೆ ಕಳಿಸಬೇಕು. ಯಾಕಂದ್ರೆ ಕಾಡಿನದೊಂದೇ ಬರಬೇಕು ಅಂತೇನಿಲ್ಲ, ಯಾರದೋ ಮನೆಯ ಬೆಕ್ಕೂ ಬಂದು ಉಜ್ಜಿ ಹೋಗಿರಬಹುದು.